ಸೂಲಗಿತ್ತಿಯ ಋಣ

ಮಗು ಹುಟ್ಟಿದ ಮನೆಗೆ ಆಶೌಚವು ಯಾವ ಕ್ಷಣದಿಂದ ತೊಡಗುತ್ತದೆ ಎಂಬ ಪ್ರಶ್ನೆಯನ್ನು ನಮ್ಮ ಧರ್ಮಶಾಸ್ತ್ರದ ನಿಬಂಧಕಾರರು ಬಹು ಸೂಕ್ಷ್ಮವಾಗಿ ವಿಚಾರಿಸಿದ್ದಾರೆ. ಶಿಶುವು ನೆಲ ಮುಟ್ಟಿದೊಡನೆ ಅಲ್ಲ, ಅದು ಅತ್ತೊಡನೆಯೂ ಅಲ್ಲ. ತಾಯಿಯನ್ನೂ ಕೂಸನ್ನೂ ಇನ್ನೂ ಒಂದೇ ದೇಹವಾಗಿ ಹಿಡಿದಿಟ್ಟಿರುವ ಹೊಕ್ಕುಳಬಳ್ಳಿಯನ್ನು ಕೊಯ್ದ ಮೇಲೆಯೇ ಸೂತಕವು ಪ್ರಾಪ್ತವಾಗತಕ್ಕದ್ದೆಂಬುದು ಅವರ ನಿರ್ಣಯ. ಗಂಡುಕೂಸಿನ ಜಾತಕರ್ಮವನ್ನು ನಾಳಚ್ಛೇದಕ್ಕೆ ಮುಂಚಿತವಾಗಿಯೇ ಮಾಡಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ವಿಧಿಸಿರುವುದು ಈ ಲೆಕ್ಕಕ್ಕೆ ಹೊಂದುತ್ತದೆ: ತಂದೆಯು ಚಿನ್ನ ಸೋಕಿದ ಜೇನನ್ನೂ ತುಪ್ಪವನ್ನೂ ಕೂಸಿನ ನಾಲಗೆಗೆ ಮುಟ್ಟಿಸುವ ಆ ಸ್ವಲ್ಪ ಹೊತ್ತು ಮನೆ ಇನ್ನೂ ಶುದ್ಧವಾಗಿಯೇ ಇರುತ್ತದೆ, ಆತನು ಕೊಡುವ ದಾನವೂ ಸಲ್ಲುತ್ತದೆ, ಬಳ್ಳಿ ಕೊಯ್ದದ್ದಾಯಿತೆಂದರೆ ಹತ್ತು ದಿನಗಳ ಪುರುಡು. ಹಾಗಾದರೆ ಒಂದು ಕುಲವನ್ನು ಶುದ್ಧಿಯಿಂದ ಅಶುದ್ಧಿಗೆ ದಾಟಿಸುವ ಆ ಕತ್ತಿಯು ಯಾರ ಕೈಯಲ್ಲಿರುತ್ತಿತ್ತು? ಆಶೌಚನಿರ್ಣಯದ ಚರ್ಚೆಯಲ್ಲಿ ತಂದೆಯುಂಟು, ಪುರೋಹಿತನುಂಟು, ಏಳನೆಯ ತಲೆಯವರೆಗಿನ ಸಪಿಂಡರುಂಟು, ಅವರಾಚೆಯ ಸಮಾನೋದಕರೂ ಉಂಟು. ಕತ್ತಿ ಹಿಡಿದವಳ ವಿಷಯದಲ್ಲಿ ಮಾತು ವಿರಳ.

ಆ ಕೈಗಳಲ್ಲಿ ಒಂದರ ಹೆಸರು ಮಾತ್ರ ನಮ್ಮ ಕಾಲದಲ್ಲಿ ನಾಡಿಗೆಲ್ಲ ತಿಳಿದುಬಂದಿತು. ತುಮಕೂರು ಜಿಲ್ಲೆಯ ಪಾವಗಡ ತಾಲ್ಲೂಕಿನ ಕೃಷ್ಣಾಪುರದಲ್ಲಿ 1920ರಲ್ಲಿ ಹುಟ್ಟಿ, ಹನ್ನೆರಡನೆಯ ವಯಸ್ಸಿಗೇ ಮದುವೆಯಾಗಿ, ಅಕ್ಷರ ಕಲಿಯದೆಯೇ ಬಾಳಿ, 2018ನೆಯ ಇಸವಿ ಡಿಸೆಂಬರ್ 25ರಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ತೊಂಬತ್ತೆಂಟರ ವೃದ್ಧಾಪ್ಯದಲ್ಲಿ ದೇಹಬಿಟ್ಟ ನರಸಮ್ಮನವರ ಹೆಸರಿನ ಹಿಂದೆ ‘ಸೂಲಗಿತ್ತಿ’ ಎಂಬ ವೃತ್ತಿಯ ಮಾತು ಬಿರುದಿನಂತೆ ನಿಂತುಬಿಟ್ಟಿದೆ. ಪಾವಗಡವೆಂದರೆ ಮೂರು ದಿಕ್ಕಿಗೂ ಆಂಧ್ರದ ಸೀಮೆ ಸುತ್ತುವರಿದಿರುವ, ಮಳೆ ಕೈಕೊಡುವುದೇ ವಾಡಿಕೆಯಾಗಿರುವ, ಕುಡಿಯುವ ನೀರಿನಲ್ಲಿ ಫ್ಲೋರೈಡ್ ಬೆರೆತು ಹಲ್ಲು ಮೂಳೆಗಳನ್ನು ಕೆಡಿಸುವ ನೆಲ. ಶನಿಮಹಾತ್ಮನ ಗುಡಿಗೆ ಎಳ್ಳೆಣ್ಣೆ ಹಿಡಿದು ದೂರದೂರುಗಳಿಂದ ಬರುವವರಿಗೆ ಮಾತ್ರ ಅದು ಪರಿಚಿತ. ಅಂಥ ಕಡೆ, ಅಜ್ಜಿಯ ಬಳಿ ಕೆಲಸ ಕಲಿತು, ತಮ್ಮ ಇಪ್ಪತ್ತನೆಯ ವಯಸ್ಸಿನಲ್ಲಿ ಬಂಧುವೊಬ್ಬಳ ಹೆರಿಗೆಗೆ ಕೈಯಾಸರೆಯಾದಂದಿನಿಂದ ಎಪ್ಪತ್ತು ವರ್ಷಗಳ ಕಾಲ ಆಕೆ ಕೂಲಿ ಕೇಳದೆ ಮಾಡಿಸಿದ ಹೆರಿಗೆಗಳು ಹದಿನೈದು ಸಾವಿರಕ್ಕೂ ಮಿಕ್ಕವೆಂದು ಪ್ರಶಸ್ತಿಪತ್ರಗಳು ಹೇಳುತ್ತವೆ. ಲೆಕ್ಕ ಹಾಕಿದರೆ ಎಪ್ಪತ್ತು ವರ್ಷ ಬಿಡುವಿಲ್ಲದೆ ವಾರಕ್ಕೆ ನಾಲ್ಕು. ಈ ನಡುವೆಯೇ ತಾವೂ ಹನ್ನೆರಡು ಮಕ್ಕಳನ್ನು ಹೆತ್ತರು. ಅವರಲ್ಲಿ ನಾಲ್ವರನ್ನು ಎಳವೆಯಲ್ಲಿಯೇ ಮಣ್ಣಿಗೆ ಕೊಟ್ಟರು. ಉಳಿದವರನ್ನು ಸಾಕಿ, ಮೊಮ್ಮಕ್ಕಳನ್ನೂ ಮರಿಮೊಮ್ಮಕ್ಕಳನ್ನೂ ಕಂಡರು. ತುಮಕೂರು ವಿಶ್ವವಿದ್ಯಾನಿಲಯವು 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, ಕೇಂದ್ರ ಸರ್ಕಾರವು 2018ರಲ್ಲಿ ಪದ್ಮಶ್ರೀ ಕೊಟ್ಟಿತು. ಕೊಟ್ಟದ್ದು ಯೋಗ್ಯವೇ, ಆದರೆ ಅವು ಬಂದಾಗ ಆಕೆಯ ವಯಸ್ಸು ತೊಂಬತ್ತನ್ನು ದಾಟಿತ್ತೆಂಬುದನ್ನು ಮರೆಯಲಾಗದು.

ಸೂಲಗಿತ್ತಿಯ ಕೆಲಸವನ್ನು ಹತ್ತಿರದಿಂದ ನೋಡದವರಿಗೆ ಅದು ಕೇವಲ ಧೈರ್ಯದ ಕೆಲಸವಾಗಿ ತೋರಬಹುದು. ಅದರಲ್ಲಿ ಧೈರ್ಯಕ್ಕಿಂತ ಕಾಯುವುದು ಹೆಚ್ಚು. ನಡುರಾತ್ರಿ ಬಾಗಿಲು ತಟ್ಟಿ, ಬೇನೆ ಎದ್ದಿದೆ, ಚೊಚ್ಚಲು, ಬೇಗ ಬಾರವ್ವ ಎಂದು ಕರೆಯುತ್ತಾರೆ. ಅವಳು ಹೋಗಿ, ಗಂಡಸರನ್ನು ಜಗಲಿಗೆ ಅಟ್ಟಿ, ಒಲೆಯ ಮೇಲೆ ನೀರಿಡಿಸಿ, ಹರಳೆಣ್ಣೆಯ ಕೈಯಿಂದ ಬಸುರಿಯ ಹೊಟ್ಟೆಯನ್ನು ತಡವಿ ಕೂಸಿನ ತಲೆ ಎತ್ತ ಇದೆ, ಬೆನ್ನು ಎತ್ತ ಇದೆ ಎಂಬುದನ್ನು ಬೆರಳುಗಳಿಂದಲೇ ತಿಳಿಯುತ್ತಾಳೆ. ಇದು ನರಸಮ್ಮನವರಿಗೆ ಕರಗತವಾಗಿದ್ದ ವಿದ್ಯೆ. ನಾಡಿ ಹಿಡಿದು, ಹೊಟ್ಟೆ ಮುಟ್ಟಿ, ಯಾವ ಉಪಕರಣವೂ ಇಲ್ಲದೆ ಗರ್ಭದ ಸ್ಥಿತಿಯನ್ನು ಹೇಳಬಲ್ಲವರಾಗಿದ್ದರೆಂದು ಆಕೆಯನ್ನು ಬಲ್ಲವರೆಲ್ಲ ಹೇಳಿದ್ದಾರೆ. ಊರ ಹೊರಗೆ ಬಿಡಾರ ಹೂಡುತ್ತಿದ್ದ ಅಲೆಮಾರಿಗಳಿಂದ ಬಸುರಿಯರಿಗೆ ಬೇಕಾದ ಬೇರು ಸೊಪ್ಪುಗಳ ಅರಿವನ್ನೂ ಪಡೆದಿದ್ದರಂತೆ. ಕೂಸು ಬಂದ ಮೇಲೆ ಅದರ ಬಾಯೊಳಗಿನ ಲೋಳೆಯನ್ನು ಬೆರಳಿನಿಂದ ತೆಗೆಯಬೇಕು. ಬಳ್ಳಿಯ ಮಿಡಿತ ನಿಲ್ಲುವವರೆಗೆ ಅದನ್ನು ಹಿಡಿದು ಕುಳಿತಿರಬೇಕು. ಆಮೇಲೆ ಎರಡು ಕಡೆ ನೂಲು ಬಿಗಿದು ನಡುವೆ ಕೊಯ್ಯಬೇಕು. ಕೊಯ್ದರೂ ಕೆಲಸ ಮುಗಿಯಲಿಲ್ಲ: ಮಾಸು ಬೀಳುವವರೆಗೆ ಬಾಣಂತಿಯ ಪ್ರಾಣ ಇನ್ನೂ ಹೊಸ್ತಿಲ ಮೇಲೆಯೇ ಇರುತ್ತದೆ, ಎಳೆದು ಅವಸರ ಮಾಡಿದರೆ ರಕ್ತ ಕಟ್ಟೊಡೆಯುತ್ತದೆ, ಬಿಟ್ಟರೆ ಒಳಗೇ ಉಳಿದು ನಂಜಾಗುತ್ತದೆ. ಎಲ್ಲ ಸಾಂಗವಾದ ಮೇಲೆ ಮಾಸನ್ನು ಹಿತ್ತಿಲಲ್ಲಿ ಆಳವಾಗಿ ಹೂಳಿ, ಕೂಸಿಗೆ ಎಣ್ಣೆ ನೀರೆರೆದು, ಹಳೆಯ ಸೀರೆಯ ಮೆತ್ತನೆಯ ತುಂಡಿನಲ್ಲಿ ಸುತ್ತಿ ಮೊರದಲ್ಲಿ ಮಲಗಿಸಿ, ತಾನೂ ತಲೆಯ ಮೇಲೆ ನೀರು ಹೊಯ್ದುಕೊಂಡು ಮನೆಗೆ ಹಿಂದಿರುಗಿದರೆ, ಅಲ್ಲಿ ಅವಳ ಸ್ವಂತ ಮಕ್ಕಳು ಹಸಿದು ಕಾದಿರುತ್ತಾರೆ.

ಈಗ ನನ್ನ ಪ್ರಶ್ನೆ. ವೇದಾಂತದ ಗ್ರಂಥಗಳನ್ನು ಓದುವವರಿಗೆಲ್ಲ ತಿಳಿದಂತೆ, ಸಂಸಾರಬಂಧಕ್ಕೆ ಮೂಲವೆಂದು ಅವು ಎಣಿಸುವುದು ಎರಡನ್ನು: ಒಂದು ಅಹಂಕಾರ, ಇನ್ನೊಂದು ಮಮಕಾರ. ನಾನೆಂಬುದು, ನನ್ನದೆಂಬುದು. ಈ ಎರಡನೆಯದಕ್ಕೆ ಉದಾಹರಣೆ ಬೇಕಾದಾಗಲೆಲ್ಲ ಬೋಧಕರು ಕೈಚಾಚುವುದು ತಾಯಿಯ ಕಡೆಗೆ. ಮಕ್ಕಳ ಮೇಲಣ ತಾಯಿಯ ವ್ಯಾಮೋಹವೇ ಪಾಶಗಳಲ್ಲಿ ಬಿಡಿಸಲಾರದ ಪಾಶವೆಂಬ ಮಾತು ಹರಿಕಥೆಯಿಂದ ಹಿಡಿದು ಪ್ರಸ್ಥಾನತ್ರಯದ ಪಾಠದವರೆಗೆ ಹರಿದುಬಂದಿದೆ. ಹೀಗಿರಲು, ಹನ್ನೆರಡು ಹೆತ್ತು, ಮೊಮ್ಮಕ್ಕಳ ನಡುವೆ ಮುಪ್ಪಾಗಿ, ಪರರ ಮನೆಯ ಹೆರಿಗೆಯಲ್ಲಿಯೇ ಆಯುಸ್ಸನ್ನು ಸವೆಸಿದ ಹೆಂಗಸಿನ ಬಾಳು ಆ ಶಾಸ್ತ್ರದೃಷ್ಟಿಗೆ ಹೇಗೆ ಕಾಣತಕ್ಕದ್ದು? ಅದು ಚಿತ್ತಶುದ್ಧಿಗೆ ಸಾಧನವಾದ ಕರ್ಮವೆಂದು ಹೇಳಿ, ಜ್ಞಾನದ ಬಾಗಿಲ ಹೊರಗೆ ಒಂದು ಮಣೆ ಹಾಕಿ ಕೂರಿಸುವುದು ಸಂಪ್ರದಾಯದ ಉತ್ತರ. ಉತ್ತರ ವಿನಯಪೂರ್ವಕವಾದುದೇ, ಆದರೆ ನನಗೆ ಸಮಾಧಾನವಿಲ್ಲ. ಮಮತೆಯು ಕಡಿದೊಗೆಯಬೇಕಾದ ಪದಾರ್ಥವೇ, ಅಥವಾ ಮಮತೆಯೊಳಗಿಂದಲೇ ಮಮಕಾರವನ್ನು ದಾಟುವ ದಾರಿಯೊಂದು ಉಂಟೆ ಎಂಬುದನ್ನು ಈ ಒಂದು ಬಾಳನ್ನು ಮುಂದಿಟ್ಟುಕೊಂಡು ಕೇಳಬಹುದು.

ನನ್ನ ವಾದಕ್ಕೆ ಪ್ರಬಲ ವಿರೋಧಿಯಾಗಿ ನಿಲ್ಲುವವನು ಭರತಚಕ್ರವರ್ತಿ. ಅವನ ಕಥೆಯನ್ನು ಎದುರಿಸದೆ ಮುಂದೆ ಹೋಗುವುದು ನ್ಯಾಯವಲ್ಲ. ವಿಷ್ಣುಪುರಾಣವೂ ಭಾಗವತದ ಐದನೆಯ ಸ್ಕಂಧವೂ ಹೇಳುವ ಆ ಕಥೆಯಲ್ಲಿ, ರಾಜ್ಯವನ್ನು ಬಿಟ್ಟು ಸಾಲಗ್ರಾಮಕ್ಷೇತ್ರದಲ್ಲಿ ತಪಸ್ಸಿಗೆ ಕುಳಿತ ಭರತನು ಒಂದು ದಿನ ನದಿಯ ದಡದಲ್ಲಿ ಜಪಮಾಡುತ್ತಿರುವಾಗ, ದಿನ ತುಂಬಿದ ಜಿಂಕೆಯೊಂದು ನೀರು ಕುಡಿಯಲು ಬರುತ್ತದೆ, ಸಿಂಹದ ಗರ್ಜನೆಗೆ ಬೆದರಿ ಹೊಳೆಯನ್ನು ಹಾರುತ್ತದೆ, ಹಾರುವ ರಭಸಕ್ಕೆ ಗರ್ಭ ಜಾರಿ ಮರಿ ಪ್ರವಾಹಕ್ಕೆ ಬೀಳುತ್ತದೆ, ತಾಯಿ ಸಾಯುತ್ತದೆ. ಭರತನು ನೀರಿಗಿಳಿದು ಮರಿಯನ್ನು ಎತ್ತಿಕೊಳ್ಳುತ್ತಾನೆ. ಇದಕ್ಕಿಂತ ದೊಡ್ಡ ಸೂಲಗಿತ್ತಿತನ ಪುರಾಣಗಳಲ್ಲಿ ಇನ್ನೆಲ್ಲಿ ಬಂದೀತು! ಆದರೆ ಅಲ್ಲಿಂದಾಚೆಗೆ ಅದಕ್ಕೆ ಹುಲ್ಲು ತರುವುದು, ತೋಳ ಬಂದೀತೆಂದು ಕಾಯುವುದು, ಕಣ್ಮರೆಯಾದರೆ ಕಳವಳಪಡುವುದು, ಹೆಗಲ ಮೇಲೆ ಹೊತ್ತು ತಿರುಗುವುದು, ಹೀಗೆ ಅವನ ನಿಯಮಗಳೆಲ್ಲ ಒಂದೊಂದಾಗಿ ಕಳಚಿಬೀಳುತ್ತವೆ; ಕೊನೆಗೆ ಆ ಮರಿಯನ್ನೇ ನೋಡುತ್ತ ಪ್ರಾಣಬಿಟ್ಟು, ಮುಂದಿನ ಜನ್ಮದಲ್ಲಿ ಜಿಂಕೆಯಾಗಿ ಹುಟ್ಟುತ್ತಾನೆ. ಹಿಂದಿನ ಜನ್ಮದ ನೆನಪು ಉಳಿದಿದ್ದರಿಂದ ಆ ಜಿಂಕೆ ತನ್ನ ಹೆತ್ತ ತಾಯಿಯನ್ನೂ ಬಿಟ್ಟು ಹಳೆಯ ಆಶ್ರಮಕ್ಕೆ ಹೊರಟುಹೋಗುತ್ತದೆ. ಅದರ ಮುಂದಿನ ಜನ್ಮದಲ್ಲಿ ಅವನು ಜಡಭರತನಾಗಿ, ಇನ್ನು ಯಾರ ಸಂಗವೂ ಬೇಡವೆಂದು ಮಂಕನಂತೆ ನಟಿಸುತ್ತ ಬಾಳುತ್ತಾನೆ. ಕಥೆ ಎಷ್ಟು ಕರುಣಾಪೂರ್ಣವೋ ಅಷ್ಟೇ ನಿಷ್ಠುರ. ಮರಿಯನ್ನು ಎತ್ತಿದ್ದಕ್ಕೆ ಮೂರು ಜನ್ಮ ತೆರಬೇಕಾಯಿತು ಎಂದು ಕೇಳಿದವರು ಎದೆಗುಂದುತ್ತಾರೆ.

ಆದರೆ ಪುರಾಣಕರ್ತರು ದೋಷವನ್ನು ಎಲ್ಲಿಟ್ಟಿದ್ದಾರೆಂಬುದನ್ನು ನಿಧಾನವಾಗಿ ನೋಡಬೇಕು. ಭರತನು ನೀರಿಗಿಳಿದದ್ದನ್ನು ಅವರು ತಪ್ಪೆಂದು ಹೇಳುವುದಿಲ್ಲ. ಎತ್ತದೆ ಕುಳಿತು ಜಪ ಮುಂದುವರಿಸಿದ್ದರೆ ಅವನಿಗೆ ಮೋಕ್ಷ ಸಿಕ್ಕುತ್ತಿತ್ತೆಂದು ನನಗೆ ತಿಳಿದಮಟ್ಟಿಗೆ ಯಾವ ವ್ಯಾಖ್ಯಾನಕಾರನೂ ಬರೆಯುವ ಎದೆಗಾರಿಕೆ ತೋರಿಲ್ಲ. ಅನಾಹುತವಾದದ್ದು ಆಮೇಲೆ, ಅವನ ಜಗತ್ತು ಆ ಒಂದು ಮರಿಯಷ್ಟಕ್ಕೆ ಕುಗ್ಗಿದಾಗ. ಕಾಡಿನಲ್ಲಿ ತಾಯಿಯಿಲ್ಲದ ಮರಿಗಳು ಬೇರೆಯೂ ಇದ್ದವು. ಅವನ ಕಣ್ಣಿಗೆ ಅವು ಬೀಳಲಿಲ್ಲ. ಮಮತೆಯ ಹೆಚ್ಚಳದಿಂದ ಅವನು ಕೆಟ್ಟನೆನ್ನುವುದಕ್ಕಿಂತ ಅದರ ಕೊರತೆಯಿಂದ ಕೆಟ್ಟನೆನ್ನುವುದು ಸರಿಯೆಂದು ನನಗೆ ತೋರುತ್ತದೆ. ಸೂಲಗಿತ್ತಿಗೆ ಈ ಅಪಾಯವು ವೃತ್ತಿಯ ಸ್ವರೂಪದಿಂದಲೇ ತಪ್ಪಿಹೋಗುತ್ತದೆ. ತನ್ನ ಕೈಯಲ್ಲಿ ಮೊದಲ ಉಸಿರೆಳೆದ ಕೂಸನ್ನು ಅವಳು ಎದೆಗಪ್ಪಿಕೊಳ್ಳುವುದೇನೋ ಉಂಟು. ಆದರೆ ಬಳ್ಳಿ ಕೊಯ್ಯುವ ಅದೇ ಕೈ ಕೂಸನ್ನು ಅದರ ತಾಯಿಯ ಮಗ್ಗುಲಿಗೆ ಇಟ್ಟು ಎದ್ದು ಹೋಗಬೇಕು, ಏಕೆಂದರೆ ನಾಳೆ ಇನ್ನೊಂದು ಬಾಗಿಲು ಕರೆಯುತ್ತದೆ. ಅಪ್ಪುವುದನ್ನೂ ಒಪ್ಪಿಸುವುದನ್ನೂ ವಾರಕ್ಕೆ ನಾಲ್ಕು ಬಾರಿಯಂತೆ ಎಪ್ಪತ್ತು ವರ್ಷ ಅಭ್ಯಾಸ ಮಾಡಿದವರ ಮಮತೆಯಲ್ಲಿ ‘ಮಮ’ ಎಂಬ ಭಾಗ ಎಷ್ಟು ಉಳಿದೀತು? ಬುದ್ಧನು ಸಕಲ ಜೀವಿಗಳ ಮೇಲೆ ಮೈತ್ರಿಯನ್ನು ಹರಡಬೇಕೆಂದು ಬೋಧಿಸಿದಾಗ, ಅದಕ್ಕೆ ಅಳತೆಗೋಲಾಗಿ ಹಿಡಿದದ್ದು ಒಬ್ಬನೇ ಮಗನನ್ನು ಜೀವ ಕೊಟ್ಟಾದರೂ ಕಾಯುವ ತಾಯಿಯನ್ನು. ಆ ತಾಯಿಯ ಪ್ರೀತಿಯನ್ನು ತೊಡೆದುಹಾಕಿ ಎಂದು ಆತ ಹೇಳಲಿಲ್ಲ, ಅದನ್ನೇ ಎಲ್ಲೆಯಿಲ್ಲದಂತೆ ಹಿಗ್ಗಿಸಿ ಎಂದ. ಗೀತೆಯೂ ತನ್ನ ಹನ್ನೆರಡನೆಯ ಅಧ್ಯಾಯದಲ್ಲಿ ಪ್ರಿಯನಾದ ಭಕ್ತನ ಲಕ್ಷಣಗಳನ್ನು ಎಣಿಸುವಾಗ ಮಮಕಾರರಾಹಿತ್ಯವನ್ನು ಒಂಟಿಯಾಗಿ ಹೇಳುವುದಿಲ್ಲ. ಮೈತ್ರಿಯನ್ನೂ ಕರುಣೆಯನ್ನೂ ಮೊದಲು ಹೇಳಿ, ಅದೇ ಉಸಿರಿನಲ್ಲಿ ಇದನ್ನು ಹೇಳುತ್ತದೆ. ಕರುಣೆಯಿಲ್ಲದ ನಿರ್ಮಮತೆ ಕಲ್ಲಿಗೂ ಇದೆ.

ಇಲ್ಲಿ ಒಂದು ಆಕ್ಷೇಪ ಬರಬಹುದು. ಸ್ವಂತ ಮಕ್ಕಳ ಪಾಲಿನ ಹೊತ್ತನ್ನು ಕಸಿದು ಊರವರಿಗೆ ಹಂಚುವುದು ಧರ್ಮವೇ? ಮಹಾಭಾರತದ ವನಪರ್ವದಲ್ಲಿ ಬರುವ ಹೆಸರಿಲ್ಲದ ಗೃಹಿಣಿಯೊಬ್ಬಳು ಈ ಆಕ್ಷೇಪದ ಪಕ್ಷದಲ್ಲಿ ನಿಲ್ಲುವಂತೆ ತೋರುತ್ತಾಳೆ. ನೋಟದಿಂದಲೇ ಕೊಕ್ಕರೆಯನ್ನು ಸುಟ್ಟ ಕೌಶಿಕನೆಂಬ ತಪಸ್ವಿ ಅವಳ ಬಾಗಿಲಿಗೆ ಭಿಕ್ಷೆಗೆ ಬಂದಾಗ, ಗಂಡನ ಊಟೋಪಚಾರ ಮುಗಿಯುವವರೆಗೂ ಅವನನ್ನು ನಿಲ್ಲಿಸಿ, ಆಮೇಲೆ ಬಂದು, ಸಿಟ್ಟಾದವನಿಗೆ ತಾನು ಆ ಕೊಕ್ಕರೆಯಲ್ಲವೆಂಬುದನ್ನು ತಿಳಿಸಿ, ಧರ್ಮವನ್ನು ಕಲಿಯಲು ಮಿಥಿಲೆಯ ಮಾಂಸದಂಗಡಿಯ ವ್ಯಾಧನ ಬಳಿಗೆ ಕಳುಹಿಸುತ್ತಾಳೆ. ಮನೆಯೇ ಮೊದಲು ಎಂಬುದು ಅವಳ ನಡತೆ. ಆದರೆ ಅವಳು ಭಿಕ್ಷೆಯನ್ನು ತಪ್ಪಿಸಲಿಲ್ಲ, ತಡಮಾಡಿದಳು, ಅಷ್ಟೆ. ಹೆರಿಗೆಬೇನೆ ಹಾಗೆ ತಡವನ್ನು ಸಹಿಸುವಂಥದಲ್ಲ. ಆದ್ದರಿಂದ ಸೂಲಗಿತ್ತಿಯ ಮನೆಯಲ್ಲಿ ತಡ ಸಹಿಸಬೇಕಾದವರು ಅವಳ ಮಕ್ಕಳೇ. ತಾಯಿಯ ತ್ಯಾಗವನ್ನು ಹೊಗಳುವಾಗ ಆ ಮಕ್ಕಳನ್ನೂ, ಒಲೆಯ ಮುಂದೆ ಕೂತ ಹಿರಿಮಗಳನ್ನೂ, ತಮ್ಮತಂಗಿಯರಿಗೆ ಮುದ್ದೆ ತಿರುವಿ ಹಾಕಿದ ಅವಳ ಕೈಯನ್ನೂ ನೆನೆಯದಿದ್ದರೆ ಹೊಗಳಿಕೆ ಅರ್ಧವಾಗುತ್ತದೆ. ಸಮಾಜಸೇವೆಯೆಂಬುದು ಒಬ್ಬರ ಹೆಸರಿನಲ್ಲಿ ನಡೆದರೂ ಅದರ ಖರ್ಚು ಇಡೀ ಮನೆಯ ಲೆಕ್ಕಕ್ಕೆ ಬೀಳುತ್ತದೆ.

ಇನ್ನು ಈ ಸೇವೆಯ ವೈಚಿತ್ರ್ಯ. ಅನ್ನ ಕೊಟ್ಟವನನ್ನು ಉಂಡವನು ಬಲ್ಲ. ಅಕ್ಷರ ಕಲಿಸಿದವನನ್ನು ಶಿಷ್ಯನು ಬಲ್ಲ. ಸೂಲಗಿತ್ತಿಯನ್ನು ಕೂಸು ಅರಿಯದು. ಗರ್ಭೋಪನಿಷತ್ತು ಹೇಳುವಂತೆ, ಒಂಬತ್ತನೆಯ ತಿಂಗಳಲ್ಲಿ ಗರ್ಭಸ್ಥ ಜೀವಕ್ಕೆ ತನ್ನ ಹಿಂದಿನ ಜನ್ಮಗಳೆಲ್ಲ ನೆನಪಿಗೆ ಬರುತ್ತವೆ. ಇನ್ನೊಮ್ಮೆ ಹೊರಬಂದರೆ ಹೀಗೆ ಬಾಳೆನು, ಹಾಗೆ ಬಾಳೆನು ಎಂದು ಅದು ಸಂಕಲ್ಪ ಮಾಡಿಕೊಳ್ಳುತ್ತದೆ. ಆದರೆ ಯೋನಿದ್ವಾರವನ್ನು ದಾಟಿ ಹೊರಗಿನ ವೈಷ್ಣವವಾಯುವು ಸೋಕಿದೊಡನೆ ಎಲ್ಲವನ್ನೂ ಮರೆತುಬಿಡುತ್ತದೆ. ಆ ಮರೆವಿನ ಹೊಸ್ತಿಲಲ್ಲಿ ಕೈಚಾಚಿ ಕುಳಿತಿರುವವಳು ಇವಳು. ಎಲ್ಲವನ್ನೂ ಮರೆತ ಜೀವವು ಮೊದಲು ಮುಟ್ಟುವ ಮನುಷ್ಯದೇಹ ಇವಳದು, ಮತ್ತು ಅದನ್ನೂ ಅದು ಮರೆಯುತ್ತದೆ. ಫಲಾಪೇಕ್ಷೆಯಿಲ್ಲದ ಕರ್ಮವನ್ನು ಮಾಡಬೇಕೆಂದು ಪಂಡಿತರು ಜನ್ಮವಿಡೀ ಮನಸ್ಸನ್ನು ಪಳಗಿಸುತ್ತಾರೆ. ಇವಳ ಕರ್ಮಕ್ಕೆ ಕೃತಜ್ಞತೆಯೆಂಬ ಫಲವನ್ನು ಕೊಡಬೇಕಾದವನು ಅದನ್ನು ಕೊಡಲು ಅಶಕ್ತನಾಗಿಯೇ ಹುಟ್ಟುತ್ತಾನೆ. ಗ್ರೀಕ್ ತತ್ತ್ವಜ್ಞ ಸಾಕ್ರಟೀಸನ ತಾಯಿ ಫೈನಾರೆಟೆ ಸೂಲಗಿತ್ತಿಯಾಗಿದ್ದಳು. ತನ್ನದೂ ತಾಯಿಯ ಕಸುಬೇ, ತಾನು ಹೆರಿಸುವುದು ಮಾತ್ರ ಮಕ್ಕಳನ್ನಲ್ಲ, ವಿಚಾರಗಳನ್ನು ಎಂದು ಆತ ಹೇಳಿಕೊಂಡದ್ದನ್ನು ಪ್ಲೇಟೋ ಥಿಯೇಟೀಟಸ್ ಸಂವಾದದಲ್ಲಿ ಬರೆದಿಟ್ಟಿದ್ದಾನೆ. ಹೆರುವ ವಯಸ್ಸು ಕಳೆದವರೇ ಸೂಲಗಿತ್ತಿಯರಾಗಬೇಕೆಂಬುದು ಅಲ್ಲಿಯ ರೂಢಿ. ನಮ್ಮ ಹಳ್ಳಿಗಳಿಗೆ ಅಷ್ಟು ಕಾಯುವ ಭಾಗ್ಯವಿರಲಿಲ್ಲ. ನರಸಮ್ಮನವರು ತಾವು ಹೆರುತ್ತಲೇ ಊರವರನ್ನು ಹೆರಿಸಿದರು.

ಕೂಸು ಮರೆತರೆ ಮರೆಯಲಿ, ದೊಡ್ಡವನಾದ ಮೇಲೆ ನೆನೆಯುವುದಕ್ಕೆ ನಮ್ಮಲ್ಲಿ ಏರ್ಪಾಡೇನಿದೆ? ಸ್ಮರಣೆಯನ್ನು ನಮ್ಮವರಷ್ಟು ಕ್ರಮಬದ್ಧವಾಗಿ ಇಟ್ಟುಕೊಂಡ ಜನ ಅಪೂರ್ವ. ತಾಯಿ, ಅಜ್ಜಿ, ಮುತ್ತಜ್ಜಿ, ಈ ಮೂವರನ್ನು ಹೆಸರು ಗೋತ್ರಗಳನ್ನು ಹೇಳಿ ಕರೆದು ಎಳ್ಳುನೀರು ಬಿಡುತ್ತೇವೆ. ಮೂರು ತಲೆ ದಾಟಿದವರಿಗೆ ಹೆಸರಿನ ಪಿಂಡವಿಲ್ಲ. ಪಿಂಡವಿಟ್ಟ ಕೈಗೆ ಅಂಟಿಕೊಂಡ ಅನ್ನವನ್ನು ದರ್ಭೆಗೆ ಒರೆಸಿದಾಗ ಅದು ಅವರಿಗೆ ಸಲ್ಲುತ್ತದೆ, ಅವರು ಲೇಪಭಾಗಿಗಳು. ಮರೆವಿಗೂ ಒಂದು ಮರ್ಯಾದೆಯನ್ನು ಕಲ್ಪಿಸಿದ ಈ ವಿಧಿಯ ಮುಂದೆ ನಾನು ತಲೆಬಾಗುತ್ತೇನೆ. ಮಹಾಲಯದಲ್ಲಿ ಪಟ್ಟಿ ಇನ್ನೂ ಉದ್ದವಾಗುತ್ತದೆ: ದೊಡ್ಡಪ್ಪ ಚಿಕ್ಕಪ್ಪಂದಿರು, ಸೋದರಮಾವ, ಸೋದರತ್ತೆ, ಹೆಣ್ಣು ಕೊಟ್ಟ ಅತ್ತೆಮಾವಂದಿರು, ಗುರು, ಮಿತ್ರ, ಹೀಗೆ ಕಾರುಣ್ಯಪಿತೃಗಳೆಲ್ಲ ಬಂದು ಕೂಡುತ್ತಾರೆ, ಕೊನೆಗೆ ಬಂಧುಗಳಲ್ಲದವರಿಗೂ ಒಂದು ಬೊಗಸೆ ನೀರು ಉಂಟು. ಈ ಕೊನೆಯ ಬೊಗಸೆಯಲ್ಲಿ ಸೂಲಗಿತ್ತಿಗೂ ಒಂದು ಹನಿ ಇದ್ದೀತು. ಆದರೆ ಅವಳ ಹೆಸರನ್ನು ಹೇಳಬೇಕೆಂದು ಯಾರೂ ವಿಧಿಸಲಿಲ್ಲ. ಹೇಳಬೇಕೆಂದು ಹೊರಟರೂ ನಮ್ಮಲ್ಲಿ ಎಷ್ಟು ಮಂದಿಗೆ ತಮ್ಮ ಅಪ್ಪನನ್ನು ಹೆರಿಸಿದವಳ ಹೆಸರು ಗೊತ್ತು? ಯೆಹೂದ್ಯರ ಪವಿತ್ರಗ್ರಂಥದಲ್ಲಿ ಇದಕ್ಕೆ ವಿರುದ್ಧವಾದ ಒಂದು ಸಂಗತಿ ಕಾಣಬರುತ್ತದೆ. ಹೀಬ್ರೂ ಹೆಂಗಸರು ಹೆರುವ ಗಂಡುಕೂಸುಗಳನ್ನೆಲ್ಲ ಕೊಲ್ಲಬೇಕೆಂದು ಆಜ್ಞೆಮಾಡಿದ ಈಜಿಪ್ಟಿನ ದೊರೆಯ ಹೆಸರನ್ನು ವಿಮೋಚನಕಾಂಡವು ಹೇಳುವುದೇ ಇಲ್ಲ, ಫರೋಹನೆಂದಷ್ಟೇ ಹೇಳಿ ಸುಮ್ಮನಾಗುತ್ತದೆ. ಆ ಆಜ್ಞೆಯನ್ನು ಮೀರಿದ ಇಬ್ಬರು ಸೂಲಗಿತ್ತಿಯರ ಹೆಸರನ್ನು ಮಾತ್ರ ಶಿಫ್ರಾ, ಪೂಗಾ ಎಂದು ಬರೆದಿಟ್ಟಿದೆ. ಚಕ್ರವರ್ತಿ ಅನಾಮಿಕ, ಸೂಲಗಿತ್ತಿ ನಾಮಾಂಕಿತೆ.

ನಮ್ಮ ನಾಡಿನಲ್ಲಿಯೂ ಸೂತಕದ ಈ ಕಟ್ಟನ್ನು ಒಂದು ಸಲ ಬಿಚ್ಚಿದವರಿದ್ದರು. ಹನ್ನೆರಡನೆಯ ಶತಮಾನದ ಶರಣರು ಅಲ್ಲಗಳೆದ ಪಂಚಸೂತಕಗಳಲ್ಲಿ ಜನನಸೂತಕವೂ ಒಂದು. ಹೆರಿಗೆಯ ಕೋಣೆ ಅಶುದ್ಧವಲ್ಲವೆಂದಾದರೆ, ಅಲ್ಲಿ ದುಡಿಯುವ ಕೈಯೂ ಅಶುದ್ಧವಲ್ಲ, ಅದು ಕಾಯಕ. ಆ ಶರಣರಲ್ಲೊಬ್ಬನಾದ ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಅದನ್ನು ಅಲ್ಲಿಯೇ ಸುರಿದು ಬನ್ನಿರೆಂದು ಹಿಂದಕ್ಕೆ ಕಳುಹಿಸಿದವಳು ಹೆಂಡತಿ ಲಕ್ಕಮ್ಮ. ಈ ಕಥೆಯನ್ನು ನಿರಾಸೆಗೆ, ಅಪರಿಗ್ರಹಕ್ಕೆ ದೃಷ್ಟಾಂತವಾಗಿ ಹೇಳುವುದು ಪದ್ಧತಿ. ಆದರೆ ಅಂದಿಗೆ ಸಾಲುವಷ್ಟನ್ನು ತರಲೇಬಾರದೆಂದು ಲಕ್ಕಮ್ಮ ಹೇಳಲಿಲ್ಲವೆಂಬುದನ್ನು ಯಾರೂ ಗಮನಿಸುವುದಿಲ್ಲ. ಹೆಚ್ಚಿನದು ಬೇಡ, ಸಲ್ಲಬೇಕಾದದ್ದು ಸಲ್ಲಬೇಕು. ಕಾಯಕದ ಲೆಕ್ಕ ಅಷ್ಟು ಖಚಿತವಾದದ್ದು.

ನಿಷ್ಕಾಮಕರ್ಮದ ಮಾತು ನಮ್ಮಲ್ಲಿ ದಾರಿ ತಪ್ಪಿರುವುದು ಇಲ್ಲಿಯೇ ಎಂದು ನನಗೆ ಅನ್ನಿಸುತ್ತದೆ. ಫಲವನ್ನು ಬಯಸಬೇಡವೆಂದು ಕೃಷ್ಣನು ಹೇಳಿದ್ದು ಬಿಲ್ಲು ಹಿಡಿದ ಅರ್ಜುನನಿಗೆ, ಅಂದರೆ ಮಾಡುವವನಿಗೆ. ಮಾಡಿಸಿಕೊಂಡವನು ಅದೇ ಮಾತನ್ನು ಎತ್ತಿಕೊಂಡು ಮಾಡಿದವಳಿಗೆ ಉಪದೇಶಿಸಿದರೆ ಅದು ವೇದಾಂತವಲ್ಲ, ಸಾಲಗಾರನ ಜಾಣತನ. ನರಸಮ್ಮನವರು ಕೂಲಿ ಕೇಳಲಿಲ್ಲವೆಂಬುದು ಅವರ ಹಿರಿಮೆ. ಅವರಿಗೆ ಕೊಡಬೇಕಾದದ್ದೇನೂ ಇರಲಿಲ್ಲವೆಂದು ಅದರಿಂದ ಸಿದ್ಧವಾಗುವುದಿಲ್ಲ. ಬ್ರಾಹ್ಮಣನು ಮೂರು ಋಣಗಳೊಡನೆ ಹುಟ್ಟುತ್ತಾನೆಂದು ತೈತ್ತಿರೀಯಸಂಹಿತೆ ಹೇಳಿದ್ದು ಪ್ರಸಿದ್ಧ: ದೇವಋಣ, ಋಷಿಋಣ, ಪಿತೃಋಣ. ಶತಪಥಬ್ರಾಹ್ಮಣವು ಅವುಗಳ ಜೊತೆಗೆ ನಾಲ್ಕನೆಯದೊಂದನ್ನು ಸೇರಿಸಿದೆ, ಮನುಷ್ಯಋಣ. ಹುಟ್ಟುವ ಕ್ಷಣದಲ್ಲಿಯೇ ಈ ನಾಲ್ಕನೆಯ ಋಣ ಹೇಗೆ ತಲೆಯೇರುತ್ತದೆ ಎಂಬುದನ್ನು ತಿಳಿಯಲು ಹೆರಿಗೆಯ ಕೋಣೆಗಿಂತ ಸ್ಪಷ್ಟವಾದ ಸ್ಥಳ ಬೇರೆ ಬೇಕಿಲ್ಲ. ದೇವತೆಗಳಿಗೆ ಯಜ್ಞ, ಋಷಿಗಳಿಗೆ ಅಧ್ಯಯನ, ಪಿತೃಗಳಿಗೆ ಸಂತಾನ ಎಂದು ಒಂದೊಂದು ಋಣಕ್ಕೂ ಒಂದೊಂದು ತೀರಿಕೆಯುಂಟು.

ಸೂಲಗಿತ್ತಿಯ ಈ ಹೊಗಳಿಕೆಯಿಂದ ಮನೆಯ ಹೆರಿಗೆಯೇ ಲೇಸೆಂದು ಯಾರೂ ತಿಳಿಯಬಾರದು. ರಕ್ತಸ್ರಾವ ಹತ್ತಿದರೆ, ಕೂಸು ಅಡ್ಡಲಾಗಿ ನಿಂತರೆ, ಎಂಥ ಪಳಗಿದ ಕೈಯೂ ಸೋಲುವ ಸಂದರ್ಭಗಳುಂಟು. ಹಿಂದಿನ ತಲೆಮಾರುಗಳಲ್ಲಿ ಬಾಣಂತಿಯರು ಎಷ್ಟು ಮಂದಿ ಸತ್ತರೆಂಬುದು ಪ್ರತಿ ಮನೆಯ ವಂಶಾವಳಿಯನ್ನು ಕೆದಕಿದರೆ ತಿಳಿಯುತ್ತದೆ. 2005ರಲ್ಲಿ ಜನನಿ ಸುರಕ್ಷಾ ಯೋಜನೆ ಬಂದ ಮೇಲೆ ಹಳ್ಳಿಯ ಬಸುರಿಯರು ಆಸ್ಪತ್ರೆಗೆ ಹೋಗಿ ಹೆರುವುದು ಹೆಚ್ಚಿತು. ಅದು ಒಳ್ಳೆಯದೇ ಆಯಿತು. ಹಳೆಯ ಸೂಲಗಿತ್ತಿ ಕಾಯುತ್ತಿದ್ದ ಬಾಗಿಲಲ್ಲಿ ಈಗ ಆಶಾ ಕಾರ್ಯಕರ್ತೆ ನಿಂತಿದ್ದಾಳೆ: ಬಸುರಿಯ ಹೆಸರು ಬರೆದು, ಮಾತ್ರೆ ನುಂಗಿಸಿ, ಬೇನೆ ಬಂದ ರಾತ್ರಿ ಆಂಬುಲೆನ್ಸಿನಲ್ಲಿ ಜೊತೆಗೆ ಕುಳಿತು ಹೋಗುವವಳು. ಸರ್ಕಾರದ ಕಾಗದಗಳಲ್ಲಿ ಅವಳು ನೌಕರಳಲ್ಲ, ಗೌರವ ಸ್ವಯಂಸೇವಕಿ. ಅವಳಿಗೆ ಸಲ್ಲುವುದು ಸಂಬಳವಲ್ಲ, ಕೆಲಸಕ್ಕಿಷ್ಟೆಂದು ಗೊತ್ತುಮಾಡಿದ ಪ್ರೋತ್ಸಾಹಧನ ಮತ್ತು ಗೌರವಧನ. ಸೇವೆಯೆಂಬ ದೊಡ್ಡ ಮಾತು ಇಲ್ಲಿ ಎಷ್ಟು ಅಗ್ಗದ ಕೆಲಸಕ್ಕೆ ಬಂದಿದೆ ನೋಡಿರಿ. 2025ರ ಜನವರಿಯ ಚಳಿಯಲ್ಲಿ ಈ ಹೆಂಗಸರು ನಾಡಿನ ಎಲ್ಲ ಕಡೆಗಳಿಂದ ಬಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲಿರುಳು ಕುಳಿತು, ತಿಂಗಳಿಗೆ ನಿಶ್ಚಿತವಾದ ಗೌರವಧನ ಬೇಕೆಂದು ಕೇಳಿದರು. ಸೇವೆ ಮಾಡುವವರಿಗೆ ಮುಷ್ಕರವೇಕೆ ಎಂದು ಅವರನ್ನು ಆಕ್ಷೇಪಿಸುವವರು ಈಗಲೂ ಉಂಟು. ಅವರಲ್ಲಿ ಗೀತೆಯನ್ನು ಬಾಯಿಪಾಠ ಹೇಳಬಲ್ಲವರೂ ಉಂಟು. ಮನುಷ್ಯಋಣಕ್ಕೆ ಶತಪಥಬ್ರಾಹ್ಮಣವು ಹೇಳಿರುವ ತೀರಿಕೆ ಇರಲು ಎಡೆ ಕೊಡುವುದು, ಉಣ್ಣಲು ಅನ್ನ ಕೊಡುವುದು. ಫ್ರೀಡಂ ಪಾರ್ಕಿನಲ್ಲಿ ಅವರು ಕೇಳಿದ್ದು ಅದಕ್ಕಿಂತ ಹೆಚ್ಚಿನದೇನೂ ಅಲ್ಲ.